ಕಾಕುವಿನ ಗೋಡೆಯ ಕರಿ ಪತಂಗಗಳು

ಹಸಿ ಸುಣ್ಣದ ವಾಸನೆ ಮೂಗಿಗೆ ಬಡಿದರೆ ನನಗೆ ಕೂತಲ್ಲಿ ಕೂರಲಾಗುವುದಿಲ್ಲ. ಬೇರೆಯವರಿಗೆ ಅದು ಹಬ್ಬದ ವಾಸನೆ ಇರಬಹುದು, ನನಗೆ ಗಂಟುಮೂಟೆ ಕಟ್ಟುವ ವಾಸನೆ. ಮೊನ್ನೆ ಪರೀಕ್ಷೆಯ ಪೇಪರ್ ತಿದ್ದುವ ಕೆಲಸಕ್ಕೆ ಧಾರವಾಡಕ್ಕೆ ಹೋಗಿದ್ದೆ. ಸಂಜೆ ಸೀದಾ ಹುಬ್ಬಳ್ಳಿ ಬಸ್ಸು ಹತ್ತುವುದು ಬಿಟ್ಟು ಆ ಹಳೆಯ ಓಣಿಯ ಕಡೆ ನಡೆದೆ. ಕಾಲು ತಾನಾಗಿಯೇ ತಿರುಗಿತು ಅಂತೆಲ್ಲ ಹೇಳುವುದಿಲ್ಲ; ಬೆಳಿಗ್ಗೆ ಸೀರೆ ಉಡುವಾಗಲೇ ಮನಸ್ಸಿನಲ್ಲಿತ್ತು. ಓಣಿಯ ತಿರುವಿಗೇ ವಾಸನೆ ಬಂತು. ಸುಮಿತ್ರಾ ಕಾಕುವಿನ ಕಂಪೌಂಡ್ ಗೋಡೆಗೆ ಇಬ್ಬರು ಸುಣ್ಣ ಹೊಡೆಯುತ್ತಿದ್ದರು. ಅರ್ಧ ಗೋಡೆ ಬೆಳ್ಳಗಾಗಿತ್ತು, ಇನ್ನರ್ಧ ಹೋದ ಮಳೆಗಾಲದ ಕಪ್ಪು ಹೊತ್ತುಕೊಂಡು ಹಾಗೇ ನಿಂತಿತ್ತು. ಆ ಗೋಡೆಯ ಹಿಂದಿನ ಪೋರ್ಷನ್ನಿನಲ್ಲಿ ನಾನೂ ಅಪ್ಪನೂ ಒಂದು ವರ್ಷ ಬಾಡಿಗೆಗೆ ಇದ್ದೆವು. ಅಷ್ಟು ನೆಮ್ಮದಿಯ ಮನೆಯಲ್ಲಿ ಅಷ್ಟು ನೆಮ್ಮದಿಗೆಟ್ಟು ನಾನು ಬೇರೆಲ್ಲೂ ಬದುಕಿಲ್ಲ.

ಆ ವರ್ಷ ನನಗೆ ಹುಬ್ಬಳ್ಳಿ–ಧಾರವಾಡದ ನಡುವಿನ ಒಂದು ಸರ್ಕಾರಿ ಪಿಯು ಕಾಲೇಜಿಗೆ ವರ್ಗವಾಗಿತ್ತು. ನಾನು ಜೀವಶಾಸ್ತ್ರ ಕಲಿಸುವವಳು. ಅಪ್ಪ ಕನ್ನಡ ಸಾಲಿಯ ಹೆಡ್‌ಮಾಸ್ತರಾಗಿ ನಿವೃತ್ತರಾದವರು. ಅವ್ವ ತೀರಿಕೊಂಡ ಮೇಲೆ ನನ್ನ ಜೊತೆಗೇ ಇದ್ದರು. ಹುಬ್ಬಳ್ಳಿಯಲ್ಲಿ ಅವರ ಮೊಣಕಾಲಿನ ಆಪರೇಷನ್ ಆಗಿ ಕೆಲವೇ ವಾರ ಕಳೆದಿತ್ತು. ಮೆಟ್ಟಿಲು ಹತ್ತಲೇಬಾರದು, ದಿನಾ ಒಂದಿಷ್ಟು ಸಪಾಟು ನೆಲದ ಮೇಲೆ ಅಡ್ಡಾಡಬೇಕು, ಇಲ್ಲದಿದ್ದರೆ ಕಾಲು ಹಾಗೇ ಸೆಟೆದುಕೊಂಡು ಬಿಡುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ಹೀಗಾಗಿ ನೆಲಮನೆಯೇ ಬೇಕು. ಮೇ ತಿಂಗಳ ಬಿಸಿಲಿನಲ್ಲಿ ಆಟೋ ಮಾಡಿಕೊಂಡು, ಅಪ್ಪನ ಕಾಲನ್ನು ಸೀಟಿನ ಮೇಲೆ ಚಾಚಿಸಿ, ಓಣಿ ಓಣಿ ತಿರುಗಿದೆವು.

ಮನೆ ಹುಡುಕುವುದೆಂದರೆ ನಾವು ಮನೆ ನೋಡುವುದಲ್ಲ, ಮನೆಯವರು ನಮ್ಮನ್ನು ನೋಡುವುದು. ನಮ್ಮ ಕಡೆ ಯಾರೂ ನೇರವಾಗಿ ಜಾತಿ ಕೇಳುವುದಿಲ್ಲ, ಅಷ್ಟು ನಾಜೂಕಿನವರು. 'ಅಡ್ಡಹೆಸರೇನ್ರಿ?' ಅನ್ನುತ್ತಾರೆ. ಹೆಚ್ಚಿನವರ ಅಡ್ಡಹೆಸರಿನಲ್ಲೇ ಎಲ್ಲಾ ಬಂದುಬಿಡುತ್ತದೆ. ನಮ್ಮದು ಊರಿನ ಹೆಸರು, ಗರಗದ. ಅದರಿಂದ ಏನೂ ತಿಳಿಯುವುದಿಲ್ಲ. 'ಗರಗದಾಗ ಯಾರ ಪೈಕಿರಿ?' ಎಂದು ಎರಡನೇ ಪ್ರಶ್ನೆ ಬರುತ್ತದೆ. ಅಪ್ಪ ಎದೆ ಸೆಟೆಸಿ, ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲಿ, 'ನಾವು ಬೌದ್ಧರ್ರಿ' ಅನ್ನುತ್ತಿದ್ದರು. ಊರ ಹೊರಗಿನ ಕೇರಿಯಿಂದ ಅಜ್ಜನ ಕಾಲಕ್ಕೆ ಬುದ್ಧನ ಕಡೆಗೆ ನಡೆದು ಬಂದವರು ನಾವು. ಆ ಒಂದು ಮಾತಿಗೆ ಎದುರಿನವರ ಮುಖ ಕದಲುತ್ತಿರಲಿಲ್ಲ, ಕಣ್ಣು ಮಾತ್ರ ನಮ್ಮನ್ನು ಬಿಟ್ಟು ಗೇಟಿನ ಕಡೆ ಹೋಗುತ್ತಿತ್ತು. 'ಈಗಷ್ಟ ಒಬ್ರಿಗೆ ಮಾತ ಕೊಟ್ಟೇವಲ್ರೀ. ಒಂದ ತಾಸು ಮೊದಲ ಬಂದಿದ್ರ...' ಹೀಗೆ ಎಷ್ಟು ಮನೆಗೆ ನಾವು ಒಂದು ತಾಸು ತಡವಾಗಿ ಹೋದೆವೋ!

ಸುಮಿತ್ರಾ ಕಾಕುವಿನ ಗೇಟಿನ ಮುಂದೆ ಆಟೋ ನಿಂತಾಗ ನಾನು ಅಪ್ಪನಿಗೆ ಕೈ ಮುಗಿದೆ. 'ಅಪ್ಪಾ, ಇಲ್ಲಿ ನಾ ಮಾತಾಡತೇನಿ. ನೀ ನಿನ್ನ ಮೊಣಕಾಲು ನೋಡ್ಕೋ, ಸಾಕು.'

ಕಾಕು ಗಂಡ ತೀರಿಕೊಂಡ, ಒಬ್ಬರೇ ಇರುವ, ಎಪ್ಪತ್ತರ ಹತ್ತಿರದ ಹೆಂಗಸು. ಓಣಿಯವರೆಲ್ಲ ಚಿಕ್ಕಮ್ಮ ಎಂಬ ಅರ್ಥದಲ್ಲಿ ಕಾಕು ಅನ್ನುವುದರಿಂದ ನಾವೂ ಹಾಗೇ ಅಂದೆವು. ಗರಗ ಎಂಬ ಹೆಸರು ಕೇಳಿದ್ದೇ ಅವರ ಮುಖ ಅರಳಿತು.

'ಅಯ್ಯ, ಗರಗ ಅಂದ್ರ ನಮ್ಮ ಅತ್ತಿ ಮನಿ ಕಡೆ ಹೊಲ ಇದ್ದ ಊರು. ಖಾದಿ ಊರು! ನಿಮ್ಮ ಮನ್ಯಾಗೂ ನೂಲತಿದ್ರೇನ್ರಿ?'

ಅಪ್ಪ ಸುಮ್ಮನಿರಲಾರದೆ ಅಂದರು. 'ನಮ್ಮವ್ವ ನೂಲತಿದ್ಲ್ರಿ. ಆಕಿ ನೂತ ನೂಲು ಧ್ವಜದ ಬಟ್ಟಿ ಆಗಿ ಎಲ್ಲೆಲ್ಲಿ ಹಾರ್ಯಾಡಾಕತ್ತೈತೋ, ಯಾರಿಗೆ ಗೊತ್ತ್ರಿ!'

'ಹಂಗಾರ ಛಲೋ ಮಂದಿ ಬಿಡ್ರಿ. ಮ್ಯಾಲ ಮಾಸ್ತರು, ಮಗಳು ಲೆಕ್ಚರರು. ನೀವ ಬರ್ರಿ. ಮಾಂಸ-ಮೀನ ಮಾತ್ರ ನಮ್ಮಲ್ಲಿ ನಡಿಯಂಗಿಲ್ಲ ನೋಡ್ರಿ.'

ಅಷ್ಟೇ. ಎರಡನೇ ಪ್ರಶ್ನೆ ಬರಲೇ ಇಲ್ಲ. ಖಾದಿ ಊರಿನ ನೂಲುವ ಮನೆ ಎಂದರೆ ಇಂಥವರೇ ಇರಬೇಕು ಎಂದು ಕಾಕು ತಾವೇ ತೀರ್ಮಾನ ಮಾಡಿಕೊಂಡರು, ನಾನು ಹಾಗೇ ಬಿಟ್ಟೆ. ಸುಳ್ಳು ಹೇಳಿದೆನೇ? ಇಲ್ಲ. ಕೇಳಿದ್ದಕ್ಕೆಲ್ಲ ಖರೇ ಉತ್ತರ ಕೊಟ್ಟಿದ್ದೇವೆ. ಕೇಳದ್ದನ್ನು ಬೋರ್ಡಿನ ಮೇಲೆ ಬರೆದು ಕೊರಳಿಗೆ ಕಟ್ಟಿಕೊಂಡು ತಿರುಗಬೇಕೆಂದು ಯಾವ ಕಾನೂನಿನಲ್ಲೂ ಇಲ್ಲ. ಹೀಗೆಂದು ಆ ವರ್ಷ ದಿನಾ ನನಗೆ ನಾನೇ ವಾದ ಮಾಡುತ್ತಿದ್ದೆ. ಎದುರು ವಕೀಲ ಯಾರೂ ಇರಲಿಲ್ಲ, ಆದರೂ ವಾದ ನಿಲ್ಲುತ್ತಿರಲಿಲ್ಲ.

ಜೂನಿನಲ್ಲಿ ಮಳೆ ಹಿಡಿಯಿತು. ಧಾರವಾಡದ ಮಳೆ ಸುರಿದು ಮುಗಿಸುವುದಿಲ್ಲ, ಜಿಟಿಜಿಟಿ ಅನ್ನುತ್ತ ದಿನವಿಡೀ ಮನೆಯ ಸುತ್ತ ಅಡ್ಡಾಡುತ್ತದೆ. ನಾನೂ ಹಾಗೇ ಒಳಗೆ ಅಡ್ಡಾಡುತ್ತಿದ್ದೆ. ಅಪ್ಪನಿಗೆ ಫೋನ್ ಬಂದರೆ ಓಡಿಹೋಗಿ ಕಿಟಕಿ ಹಾಕುತ್ತಿದ್ದೆ. ಗೆಳೆಯರಿಗೆ ಅವರು ಕೂಗಿ ಹೇಳುವ ನಮ್ಮವರ ನಮಸ್ಕಾರ ಇಡೀ ಓಣಿಗೆ ಕೇಳುವಂಥದ್ದು. ವಾಕಿಂಗ್ ಎಂದು ಹೇಳಿ ಸರ್ಕಲ್ಲಿನ ಗಾಡಿಯಲ್ಲಿ ಆಮ್ಲೆಟ್ ತಿಂದು ಬರುತ್ತಿದ್ದರು, ನಾನು ಬಾಗಿಲಲ್ಲೇ ನಿಂತು, ಬಾಯಿಯ ವಾಸನೆ ಹೋಗಲಿ ಎಂದು ಅವರ ಕೈಗೆ ಏಲಕ್ಕಿ ಹಾಕುತ್ತಿದ್ದೆ. 'ಏ ಸುಜಾ, ನಾ ಏನ್ ಕಳ್ಳನ? ಕಾಲು ಚಾಚಾಕ ಹೇಳ್ಯಾರ ಡಾಕ್ಟರು. ನೀ ನೋಡಿದ್ರ ಬಾಲಾನೂ ಮಡಚು ಅಂತೀ' ಅಂತ ಅವರು ನಗುತ್ತಿದ್ದರು. ನನಗೆ ನಗು ಬರುತ್ತಿರಲಿಲ್ಲ.

ನಮ್ಮ ಹೊರಕೋಣೆಯ ಗೋಡೆಯ ಮೇಲೆ ಬುದ್ಧನ ಪಟ ಇತ್ತು. ಅದನ್ನು ಒಳಕೋಣೆಯಲ್ಲಿ ಹಾಕೋಣ ಎಂದಿದ್ದಕ್ಕೆ ಅಪ್ಪ ಎರಡು ದಿನ ಮಾತು ಬಿಟ್ಟಿದ್ದರು. ಕಾಕು ಮೊದಲ ಸಲ ಒಳಗೆ ಬಂದಾಗ ಪಟ ನೋಡಿದರು. 

'ಭಾಳ ಛಂದ ಐತಿ. ನಮ್ಮ ಶೋಕೇಸಿನ್ಯಾಗೂ ಒಂದ ಐತಿ ನೋಡವಾ, ಬರೇ ತಲಿದು. ಎಗ್ಜಿಬಿಷನ್ನಿನ್ಯಾಗ ತಂದಿದ್ದೆ. ಮನ್ಯಾಗ ಇದ್ರ ಶಾಂತಿ ಇರ್ತೈತಂತ.'

ಅಪ್ಪ ಕೆಮ್ಮಿದರು. ಅದು ಕೆಮ್ಮಲ್ಲ ಎಂದು ನನಗೆ ಮಾತ್ರ ಗೊತ್ತಿತ್ತು. ಈಗ ಅಂಗಡಿ ಅಂಗಡಿಯಲ್ಲೂ ಬುದ್ಧ ಸಿಗುವುದರಿಂದ ನಮ್ಮ ಮನೆಯ ಬುದ್ಧ ಯಾರ ಕಣ್ಣಿಗೂ ಬೀಳದೆ ಅಲ್ಲೇ ಬಯಲಿನಲ್ಲಿ ಉಳಿದುಕೊಂಡ.

ಪತಂಗಗಳನ್ನು ನಾನು ನೋಡಲು ಶುರು ಮಾಡಿದ್ದು ನೆಮ್ಮದಿ ಇಲ್ಲದ್ದಕ್ಕೇ. ಬೆಳಕು ಹರಿಯುವಾಗಲೇ ಎಚ್ಚರಾಗಿಬಿಡುತ್ತಿತ್ತು. ಎದ್ದು ಅಂಗಳಕ್ಕೆ ಬಂದರೆ ಕಂಪೌಂಡ್ ಗೋಡೆಯ ಮೇಲೆ ಕಾಕು ಕಳ್ಳರ ಅಂಜಿಕೆಗೆ ಹಾಕಿಸಿದ್ದ ಟ್ಯೂಬ್‌ಲೈಟ್ ಇನ್ನೂ ಉರಿಯುತ್ತಿರುತ್ತಿತ್ತು. ಅದರ ಬೆಳಕಿಗೆ ಬಂದ ಪತಂಗಗಳು ಮುಂಜಾನೆ ಆ ಗೋಡೆಗೇ ರೆಕ್ಕೆ ಅಗಲಿಸಿ ಅಂಟಿ ಕೂತಿರುತ್ತಿದ್ದವು. ಕಲ್ಲುಸುಣ್ಣದ ಹಳೆಯ ಗೋಡೆ, ಮಳೆಗೆ ಪಾಚಿಗಟ್ಟಿ ಕಪ್ಪಾಗಿತ್ತು, ನಡುನಡುವೆ ಬೂದಿ ಬಣ್ಣದ ಚಕ್ಕೆಗಳು. ಪತಂಗಗಳೂ ಅದೇ ಬಣ್ಣದವು. ಬೂದಿ, ಇಜ್ಜಲು, ಒಣಗಿದ ತೊಗಟೆ. ಮೊದಲು ಒಂದೂ ಕಾಣುತ್ತಿರಲಿಲ್ಲ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನಿಂತರೆ ಗೋಡೆಯ ಒಂದು ಚೂರು ಅಲುಗಿದ ಹಾಗಾಗಿ, ಅಯ್ಯೋ ಇಲ್ಲೊಂದು, ಅಲ್ಲೊಂದು, ಕೈಯಳತೆಯಲ್ಲೇ ಮತ್ತೊಂದು ಎಂದು ಗೋಡೆ ತುಂಬಾ ಕಾಣುತ್ತಿದ್ದವು. ಅಂಗಳದ ಪೇರಲ ಗಿಡದಲ್ಲಿ ಗೊರವಂಕಗಳೂ ಒಂದು ಕಾಜಾಣವೂ ಗದ್ದಲ ಹಾಕುತ್ತಿದ್ದವು, ಗೋಡೆಯ ಮುಂದೆಯೇ ಹಾರಿ ಹೋಗುತ್ತಿದ್ದವು. ಅವಕ್ಕೂ ಕಾಣುತ್ತಿರಲಿಲ್ಲ. ಅಲ್ಲಿ ನಿಂತಷ್ಟು ಹೊತ್ತು ನನಗೆ ಉಸಿರು ಸಲೀಸಾಗಿ ಆಡುತ್ತಿತ್ತು.

ಕಾಕು ಚಹಾದ ಬಟ್ಟಲು ಹಿಡಿದು ಬರುತ್ತಿದ್ದರು. 'ಏನ ನೋಡ್ತೀ ಖಾಲಿ ಗ್ವಾಡಿ?' ನಾನು ಬೆರಳಿಟ್ಟು ತೋರಿಸಿದೆ. ಒಂದು ಕಂಡ ಕೂಡಲೇ ಹುಡುಗಿಯ ಹಾಗೆ ಕೂಗಿದರು: 'ಅಯ್ಯ ಶಿವನ! ಇದು ಪಾತರಗಿತ್ತಿ ಅಲ್ಲ? ಇಷ್ಟ ವರ್ಷ ಇಲ್ಲೇ ರಂಗೋಲಿ ಹಾಕೇನಿ, ಒಂದ ದಿನಾನೂ ಕಂಡಿಲ್ಲಲ್ಲ!' ಅಂದಿನಿಂದ ದಿನಾ ಮುಂಜಾನೆ ನಾವಿಬ್ಬರೂ ಗೋಡೆಯ ಮುಂದೆ ಪಂದ್ಯ ಕಟ್ಟಿ ಹುಡುಕುತ್ತಿದ್ದೆವು. ಅವರ ಕಣ್ಣು ನನಗಿಂತ ಚುರುಕಾಯಿತು.

ಆಮೇಲೆ ಡಬ್ಬಿಗಳ ಓಡಾಟ ಶುರುವಾಯಿತು. ಕಾಕುವಿನ ಮನೆಯಿಂದ ಒಂದು ಡಬ್ಬಿ ಶೇಂಗಾ ಹೋಳಿಗೆ ಬಂದರೆ ಅದನ್ನು ಖಾಲಿ ವಾಪಸ್ ಕೊಡುವ ಹಾಗಿಲ್ಲ, ನಮ್ಮ ಕಡೆ ಅದು ಅಪಶಕುನ, ಅದಕ್ಕಿಂತ ಹೆಚ್ಚಾಗಿ ಅವಮಾನ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಬೇಕು. ನಾನು ಎಣ್ಣೆಗಾಯಿ ತುಂಬಿ ಕೊಟ್ಟೆ. ಅವರು ಅದನ್ನು ತಿಂದು, ಡಬ್ಬಿಯಲ್ಲಿ ಮಾದಲಿ ತುಂಬಿ ಕಳಿಸಿದರು. ಅಪ್ಪನ ಮೊಣಕಾಲಿಗೆ ಎಣ್ಣೆ ಕಾಸಿ ತಂದರು. ಸಂಜೆ ಕಟ್ಟೆಯ ಮೇಲೆ ಕೂತು ಅಪ್ಪನ ಸಾಲಿಯ ಕತೆ ಕೇಳಿ ಸೆರಗಿನಿಂದ ಕಣ್ಣೊರೆಸಿಕೊಂಡು ನಗುತ್ತಿದ್ದರು. ಅಪ್ಪನ ಕಾಲು ದಿನದಿನಕ್ಕೆ ಮಡಚಲು ಕಲಿಯಿತು. ಇಷ್ಟು ಪ್ರೀತಿ ಸಿಕ್ಕರೆ ಮನುಷ್ಯ ಹಗುರಾಗಬೇಕು. ನಾನು ಇನ್ನೂ ಹೆದರಿದೆ. ಅಪರಿಚಿತರು ಹೊರಗೆ ಹಾಕಿದರೆ ಬೈದು ಬರಬಹುದು, ಮೊಣಕಾಲಿಗೆ ಎಣ್ಣೆ ತಿಕ್ಕಲು ಕೊಟ್ಟವರು ಹೊರಗೆ ಹಾಕಿದರೆ ಏನು ಮಾಡಬೇಕು?

ದಸರೆಯ ಮುಂದೆ ಮಳೆ ನಿಂತಾಗ ಕಾಕು ಗೋಡೆಗೆ ಸುಣ್ಣ ಹೊಡೆಸಿದರು. ಹಬ್ಬಕ್ಕೆ ಎಲ್ಲರೂ ಹೊಡೆಸುತ್ತಾರೆ, ಅದರಲ್ಲಿ ವಿಶೇಷವಿಲ್ಲ. ಸಂಜೆ ನೀಲಿ ಕಲಸಿದ ಸುಣ್ಣ ಒಣಗಿ ಗೋಡೆ ಹಾಲಿನ ಹಾಗೆ ಹೊಳೆಯುತ್ತಿತ್ತು. ಮರುದಿನ ಮುಂಜಾನೆ ಎದ್ದು ಬಂದು ಗೋಡೆ ನೋಡಿದೆ. ಪತಂಗಗಳು ಎಂದಿನಂತೆ ಬಂದು, ಎಂದಿನಂತೆ ರೆಕ್ಕೆ ಅಗಲಿಸಿ, ಅದೇ ಧೈರ್ಯದಲ್ಲಿ ಕೂತಿದ್ದವು. ದೂರದ ಗೇಟಿನಿಂದಲೇ ಒಂದೊಂದೂ ಕಾಣುತ್ತಿತ್ತು. ನಾನು ಹಚಾ ಹಚಾ ಅನ್ನುವಷ್ಟರಲ್ಲಿ ಕಾಜಾಣ ಇಳಿದಿತ್ತು. ಹಿಂದೆಯೇ ಗೊರವಂಕಗಳು. ಕಾಕು ರಂಗೋಲಿ ಹಾಕಲು ಬಂದಾಗ ಗೋಡೆಯ ಬುಡದಲ್ಲಿ ಬರೀ ರೆಕ್ಕೆಗಳು ಬಿದ್ದಿದ್ದವು. 'ಅಯ್ಯ ಪಾಪ' ಅಂದರು, ಕಸಬರಿಗೆಯಿಂದ ಗುಡಿಸಿ ಪಕ್ಕಕ್ಕೆ ಹಾಕಿ, ಚುಕ್ಕಿ ಇಟ್ಟರು.

ನಾನು ಬೆಳಕು ಹರಿಯುವ ಮೊದಲೇ ಹೋಗಿ ಲೈಟ್ ಆರಿಸತೊಡಗಿದೆ. ಕಾಕು ಮತ್ತೆ ಹಚ್ಚುತ್ತಿದ್ದರು. ಚಳಿಗಾಲದ ಹೊತ್ತಿಗೆ ಆ ಗೋಡೆಯ ಮೇಲೆ ಬಿಸಿಲೇರುವವರೆಗೆ ಉಳಿಯುತ್ತಿದ್ದವು ಕೆನೆಬಣ್ಣದವು, ಮಾಸಲು ಬಿಳಿಯವು ಮಾತ್ರ. ಅವು ಮೊದಲೂ ಬರುತ್ತಿದ್ದವು. ಕರಿ ಗೋಡೆಯಿದ್ದಾಗ ಹಕ್ಕಿಗಳಿಗೆ ಮೊದಲು ಸಿಗುತ್ತಿದ್ದದ್ದು ಅವೇ ಇರಬೇಕು, ನಾನು ಗಮನಿಸಿರಲಿಲ್ಲ. ನನ್ನ ಕಣ್ಣು ಬರೀ ಕರಿಯವುಗಳ ಮೇಲೇ ಇತ್ತು.

ಆ ತಿಂಗಳೇ ಕಾಲೇಜಿನಲ್ಲಿ ನೈಸರ್ಗಿಕ ಆಯ್ಕೆಯ ಪಾಠ ಬಂತು. ಪಠ್ಯದಲ್ಲಿ ಇಂಗ್ಲೆಂಡಿನ ಪತಂಗದ ಕತೆಯಿದೆ. ಅಲ್ಲಿ ಮರದ ಕಾಂಡಗಳು ತಿಳಿಬಣ್ಣದಲ್ಲಿದ್ದಾಗ ತಿಳಿಬಣ್ಣದ ಪತಂಗಗಳೇ ಹೆಚ್ಚಿದ್ದವು. ಕಾರ್ಖಾನೆಗಳು ಬಂದು ಮಸಿಯಿಂದ ಕಾಂಡಗಳೆಲ್ಲ ಕಪ್ಪಾದಾಗ ಕರಿ ಪತಂಗಗಳು ಹೆಚ್ಚಿದವು. ನಾನು ಮೇಜಿನ ಮೇಲೆ ದಿನಪತ್ರಿಕೆ ಹಾಸಿ, ಅದೇ ಪತ್ರಿಕೆಯ ತುಂಡಿನಲ್ಲಿ ಕತ್ತರಿಸಿದ ಪತಂಗಗಳನ್ನೂ ಬಿಳಿ ಹಾಳೆಯ ಪತಂಗಗಳನ್ನೂ ಹರಡಿ, ನೀವೇ ಹಕ್ಕಿಗಳು, ಚಿಮಟದಿಂದ ಹೆಕ್ಕಿರಿ ಎಂದೆ. ಹುಡುಗರು ಬಿಳಿಯವನ್ನೇ ಬಾಚಿದರು. ಹಾಳೆ ಬದಲಿಸಿ ಬಿಳಿ ಹಾಸಿದೆ, ಅಚ್ಚಿನ ಪತಂಗಗಳು ಖಾಲಿಯಾದವು. 'ಏನಾತು ಹೇಳ್ರಿ?' ಎಂದು ಕೇಳಿದರೆ ಒಬ್ಬ ಎದ್ದು ನಿಂತು, ಪ್ರತಿವರ್ಷ ಯಾರಾದರೊಬ್ಬ ಹೇಳುವ ಉತ್ತರವನ್ನೇ ಹೇಳಿದ: 'ಪತಂಗ ವಾತಾವರಣಕ್ಕ ಹೊಂದ್ಕೊಂಡು ಬಣ್ಣ ಬದಲಿ ಮಾಡ್ಕೊಂಡ್ವರಿ ಮೇಡಂ.'

ಪ್ರತಿವರ್ಷ ನಕ್ಕು ತಿದ್ದುತ್ತಿದ್ದೆ. ಅಂದು ಸಿಟ್ಟು ನೆತ್ತಿಗೇರಿತು.

'ಬದಲಿ ಮಾಡ್ಕೊಳ್ಳಲಿಲ್ಲೋ! ಒಂದ ಪತಂಗಾನೂ ತನ್ನ ಬಣ್ಣ ಬದಲಿ ಮಾಡ್ಕೊಳ್ಳಲಿಲ್ಲ. ಹುಟ್ಟಿದ ಬಣ್ಣದಾಗ ಕುಂತಿದ್ವು. ಗೋಡಿ ಬದಲಾತು. ಹೊಂದದ ಇದ್ದವನ್ನ ಹಕ್ಕಿ ತಿಂತು, ಉಳದವು ತತ್ತಿ ಇಟ್ವು. ಹೊಂದ್ಕೊಂಡ್ವು ಅಂತೀಯಲ್ಲ, ಸತ್ತವನ್ನ ಲೆಕ್ಕಕ್ಕ ಹಿಡಿಯಂಗಿಲ್ಲೇನು?'

 ಹಳೇ ಹುಬ್ಬಳ್ಳಿಯಿಂದ ಬರುತ್ತಿದ್ದ ಫರ್ಹಾನಾ ಎಂಬ ಹುಡುಗಿ ಮುಂದಿನ ಬೆಂಚಿನಿಂದ ಮೆಲ್ಲಗೆ ಕೇಳಿದಳು. 'ಮೇಡಂ, ಪತಂಗಕ್ಕ ತನ್ನ ಬಣ್ಣ ಗೊತ್ತಿರ್ತೈತೇನ್ರಿ?'

'ನಾವು ತಿಳಕೊಂಡಂಗ ಗೊತ್ತಿರಂಗಿಲ್ಲ. ಕೆಲವು ತಮ್ಮ ಬಣ್ಣಕ್ಕ ಹೊಂದೂ ಜಾಗಾ ನೋಡಿ ಕುಂಡ್ರತಾವ ಅಂತಾರ. ಅಷ್ಟ.'

'ಹಂಗಾರ ಅವಕ್ಕ ಅಂಜಿಕಿ ಇರಂಗಿಲ್ಲ. ಆರಾಮ ಕುಂಡ್ರತಾವು, ಅಲ್ರಿ?'

ನಾನು ಏನೋ ಹೇಳಿ ಪಾಠ ಮುಂದುವರಿಸಿದೆ. ಹೊಗೆ ಕಡಿಮೆಯಾಗಿ ಕಾಂಡಗಳು ತಿಳಿಯಾದಾಗ ತಿಳಿಬಣ್ಣದವು ಮತ್ತೆ ಹೆಚ್ಚಾದವು ಎಂದು ಬರೆಸಿದೆ. ನಮ್ಮ ಮನೆ ಗೋಡೆಯ ಮೇಲೆ ನಡೆದದ್ದನ್ನೂ ಹೇಳಿ, ಒಂದು ಗೋಡೆ ಒಂದು ಚಳಿಗಾಲದಿಂದ ಜೀವವಿಕಾಸ ಆಯಿತೆನ್ನಲು ಬರುವುದಿಲ್ಲ, ಅದಕ್ಕೆ ತಲೆಮಾರುಗಳು ಬೇಕು, ಬಣ್ಣ ತಂದೆತಾಯಿಯಿಂದ ಮರಿಗೆ ಇಳಿಯಬೇಕು ಎಂದೂ ಹೇಳಿದೆ. ಆದರೆ ಬಸ್ಸಿನಲ್ಲಿ ಬರುವಾಗ ಆ ಹುಡುಗಿಯ ಮಾತು ಕಿವಿಯಲ್ಲೇ ಇತ್ತು. ನನಗೆ ನನ್ನ ಬಣ್ಣ ಗೊತ್ತು. ಅದಕ್ಕೇ ನಾನು ಆರಾಮ ಕೂರುವುದಿಲ್ಲ.

ಹೀಗೇ ತಳಮಳದಲ್ಲಿ ಬೇಸಿಗೆ ಬಂತು. ಮೇ ತಿಂಗಳ ಹುಣ್ಣಿಮೆ, ಬುದ್ಧ ಪೂರ್ಣಿಮೆ. ಅಪ್ಪ ನೌಕರಿಯಲ್ಲಿ ಎಲ್ಲಿದ್ದರೂ ಅಂದು ಬಿಳಿ ಅಂಗಿ-ಧೋತರ ಉಟ್ಟು, ಅವ್ವ ಮಾಡಿದ ಪಾಯಸವನ್ನು ಡಬ್ಬಿಗಳಲ್ಲಿ ತುಂಬಿ, ಅಕ್ಕಪಕ್ಕದ ಮನೆಗಳಿಗೆ ತಾವೇ ಒಯ್ದು ಕೊಡುತ್ತಿದ್ದರು. ಬೇರೆ ಯಾವ ಹಬ್ಬವನ್ನೂ ಅವರು ಮಾಡಿದವರಲ್ಲ. ಅವ್ವ ಹೋದ ಮೇಲೆ ಪಾಯಸ ನಾನು ಮಾಡುತ್ತಿದ್ದೆ.

ಮುಂಜಾನೆ ಒಲೆಯ ಮೇಲೆ ಹಾಲು ಇಟ್ಟೇ ಹೇಳಿದೆ. 'ಅಪ್ಪಾ, ಈ ವರ್ಷ ನಮ್ಮಷ್ಟಕ್ಕ ಮಾಡೋಣು. ಹಂಚೂದು ಬ್ಯಾಡ.'

'ಯಾಕ?'

'ಯಾಕಂತ ಗೊತ್ತಿಲ್ಲೇನು? ಹೊರಗ ಹಾಕಿದ್ರ ಮತ್ತ ಆ ಬಿಸಲಾಗ ಮನಿ ಹುಡುಕಾಕ ನನ್ನ ಕೈಲೆ ಆಗಂಗಿಲ್ಲ. ನಿನ್ನ ಕಾಲು ಈಗಷ್ಟ ಸುಧಾರಿಸೇತಿ.'

 ಅಪ್ಪ ಮೆತ್ತಗಿನ ದನಿಯಲ್ಲಿ, ಹಾಜರಿ ಕೂಗುವ ದನಿಯಲ್ಲಲ್ಲ, ಹೇಳಿದರು. 'ಆಕಿ ಮನಿ ಹೋಳಗಿ ವರ್ಷಪೂರ್ತಿ ತಿಂದೇನಿ ಸುಜಾ. ನನ್ನ ಹಬ್ಬದ ಒಂದ ಚಮಚ ಆಕಿ ತಿನ್ನಲಿಲ್ಲ ಅಂದ್ರ, ನಾ ತಿಂದದ್ದು ಯಾರದು? ನಾ ಯಾರಾಗಿ ತಿಂದೆ?'

ನಾನು ಚಮಚ ಎಸೆದು ಹಿತ್ತಲಿಗೆ ಹೋದೆ. ತಿರುಗಿ ಬರುವಷ್ಟರಲ್ಲಿ ಪಾಯಸ ಡಬ್ಬಿಯಲ್ಲಿತ್ತು, ಡಬ್ಬಿ ಅಪ್ಪನ ಕೈಯಲ್ಲಿತ್ತು, ಅಪ್ಪ ಕೋಲೂರಿಕೊಂಡು ಅಂಗಳದಲ್ಲಿದ್ದರು. ಓಡಿದೆ. ಅಂದು ಕಾಕುವಿನ ಕಟ್ಟೆಯ ಮೇಲೆ ಅವರ ಭಜನಾ ಮಂಡಳಿಯ ಹೆಂಗಸರು ತಾಳ ಹಿಡಿದು ಕೂತಿದ್ದರು. ಬೆಳ್ಳನೆಯ ಗೋಡೆ, ಬಿಳಿ ಅಂಗಿ-ಧೋತರದ ಅಪ್ಪ. ಹೊಂದಿಕೆ ಚೆನ್ನಾಗಿಯೇ ಇತ್ತು, ಬಾಯಿ ತೆರೆಯುವವರೆಗೆ.

'ಏನ್ ವಿಶೇಷರಿ ಮಾಸ್ತರ?' ಕಾಕು ನಗುತ್ತ ಕೇಳಿದರು.

'ಇವತ್ತ ಬುದ್ಧ ಪೂರ್ಣಿಮಾರಿ. ನಮ್ಮ ಹಬ್ಬ. ನಾವು ಬೌದ್ಧರು ನೋಡ್ರಿ, ನಮ್ಮಪ್ಪ ಗರಗದ ಕೇರಿಯಾಗ ಇದ್ದಾಗಿಂದ. ತಗೋರಿ, ಪಾಯಸ.'

ತಾಳದ ಸದ್ದು ನಿಂತಿತು. ಹೆಂಗಸರು ಅಪ್ಪನನ್ನು ನೋಡಲಿಲ್ಲ, ಎಲ್ಲರೂ ಕಾಕುವಿನ ಮುಖ ನೋಡಿದರು. ಕಾಕು ಎದ್ದು ಎರಡೂ ಕೈಯಿಂದ ಡಬ್ಬಿ ಇಸಿದುಕೊಂಡರು. 'ಇಡ್ತೇನ್ರಿ, ಆಮ್ಯಾಲ ತಿಂತೇನಿ' ಎಂದು ಒಳಗೆ ಹೋದರು. ಅಷ್ಟೇ. ಯಾರೂ ಒಂದು ಒರಟು ಮಾತು ಆಡಲಿಲ್ಲ.

ಡಬ್ಬಿ ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಮುಂಜಾನೆ ಗೋಡೆಯ ಮುಂದೆ ನಾನೊಬ್ಬಳೇ ನಿಂತಿದ್ದೆ. ವಾರ ಕಳೆಯುವುದರೊಳಗೆ ಕಾಕು ನಮ್ಮ ಹೊಸ್ತಿಲ ಹೊರಗೇ ನಿಂತು, ನೆಲ ನೋಡುತ್ತ ಹೇಳಿದರು: 'ಪೋರ್ಷನ್ನಿಗೆ ಒಳಗ ಸುಣ್ಣಬಣ್ಣ ಮಾಡಸಬೇಕಾಗೇತಿ. ಖಾಲಿ ಮಾಡಿ ಕೊಟ್ರ ಛಲೋ ಆಗತಿತ್ತು.'

ಅಪ್ಪ ಕೇಳಿದರು, 'ಎಷ್ಟ ದಿನದ ಕೆಲಸರಿ? ಸುಣ್ಣ ಒಣಗೂತನಕ ಎಲ್ಲರೆ ಇದ್ದು, ತಿರುಗಿ ಬರ್ತೇವಿ.'

ಕಾಕು ಸೆರಗು ಹೊದ್ದುಕೊಂಡು ತಿರುಗಿ ಹೋದರು. ಅಪ್ಪನಿಗೂ ಉತ್ತರ ಬೇಕಿರಲಿಲ್ಲ ಅನ್ನಿಸುತ್ತದೆ. ನಾವು ಟೆಂಪೋಗೆ ಸಾಮಾನು ಏರಿಸುವಾಗಲೇ ಕೆಲಸದವರು ಬಂದು ಅಂಗಳದಲ್ಲಿ ಸುಣ್ಣ ಕಲಸುತ್ತಿದ್ದರು. ನೆಪ ಖರೇ ಅನ್ನಿಸಲಿ ಎಂದು ಪಾಪ ಕಾಕು ಅಷ್ಟು ಲಗೂ ಕರೆಸಿದ್ದರು. ಆ ವಾಸನೆ ಅಂದಿನಿಂದ ನನ್ನ ಮೂಗಿನಲ್ಲಿ ಕೂತಿದೆ. ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಲಿಫ್ಟ್ ಇರುವ ಒಂದು ಫ್ಲಾಟ್ ಸಿಕ್ಕಿತು. ಮಾಲೀಕರು ಪರವೂರಿನವರು, ಅಡ್ಡಹೆಸರು ಕೇಳುವ ಪುರುಸೊತ್ತು ಅವರಿಗಿಲ್ಲ. ಅಪ್ಪನ ಕಾಲು ಈಗ ಸರಿಯಾಗಿದೆ. ಎಲ್ಲಾ ಚೆನ್ನಾಗಿದೆ. ಆದರೂ ಮೊನ್ನೆ ಆ ಓಣಿಗೆ ಹೋದೆ.

ಕಾಕು ಗೇಟಿನೊಳಗೆ ಕುರ್ಚಿ ಹಾಕಿಕೊಂಡು ಸುಣ್ಣದವರ ಕೆಲಸ ನೋಡಿಕೊಳ್ಳುತ್ತ ಕೂತಿದ್ದರು. ತೀರ ಹತ್ತಿರ ಹೋದ ಮೇಲೆ 'ಯಾರದು?' ಅಂದರು.

'ನಾನ್ರಿ ಕಾಕು, ಸುಜಾತಾ.'

'ಅಯ್ಯ ನಮ್ಮವ್ವ! ಎಷ್ಟ ಸೊರಗೀ! ಮಾಸ್ತರು ಹೆಂಗದಾರ? ಮೊಣಕಾಲು ಮಡಚತಾರಿಲ್ಲೋ?'

ಕಟ್ಟೆಯ ಮೇಲೆ ಕೂತೆ. ಪತಂಗ ಇನ್ನೂ ಬರುತ್ತವೆಯೇ ಎಂದು ಕೇಳಿದೆ, ಬರುತ್ತವೆ ಅಂದರು. ಸುಣ್ಣದ ಕುಂಚ ಸರಸರ ಅನ್ನುತ್ತಿತ್ತು. ಎದ್ದು ಹೊರಡೋಣ ಅನ್ನುವಷ್ಟರಲ್ಲಿ ಅವರೇ ಬಾಯಿ ಬಿಟ್ಟರು.

'ಒಂದ ಮಾತ ಹೇಳ್ತೇನಿ, ಸಿಟ್ಟಾಗಬ್ಯಾಡವಾ. ನನಗ ಮೊದಲ ಗೊತ್ತಿತ್ತು.'

'ಏನ್ರಿ?'

'ನಿಮ್ಮದು. ನೀವು ಬಂದ ವಾರದಾಗ ಗರಗಕ್ಕ ಫೋನ್ ಮಾಡಿದ್ದೆ. ನಮ್ಮ ನೆಗೆಣ್ಣಿ ಎಲ್ಲಾ ಹೇಳಿದ್ಲು. ನೀವು ಸುಮ್ಮನಿದ್ರಿ, ನಾನೂ ಸುಮ್ಮನಿದ್ದೆ. ಎಷ್ಟ ಛಂದ ನಡದಿತ್ತು! ಮಾಸ್ತರು ಆ ಮಂದಿ ಮುಂದ ಯಾಕ ಬಾಯಿ ಬಿಟ್ಟರು? ಅವರಿಗೆಲ್ಲಾ ಗೊತ್ತಾದ ಮ್ಯಾಲ ನಾ ಈ ಓಣ್ಯಾಗ ಹೆಂಗ ಇರ್ಲಿ, ನೀನ ಹೇಳು.'

 ಇಡೀ ವರ್ಷ! ಮುಚ್ಚಿದ ಕಿಟಕಿಗಳು, ಏಲಕ್ಕಿ, ನಿದ್ದೆಗೆಟ್ಟ ಮುಂಜಾನೆಗಳು. ಕಂಡುಬಿಟ್ಟ ಹಕ್ಕಿಯ ಎದುರಿಗೇ ನಾನು ಕಾಣಿಸುವುದಿಲ್ಲ ಎಂದು ಅಂಟಿ ಕೂತಿದ್ದೆ. ಹಕ್ಕಿ ನೋಡಿಯೂ ಪಕ್ಕದಲ್ಲೇ ಕೂತು ನಾನು ಮಾಡಿದ ಎಣ್ಣೆಗಾಯಿ ತಿಂದಿತ್ತು. ಅಲ್ಲ, ಹಕ್ಕಿಯೂ ಅಲ್ಲ. ಕಾಕುವೂ ತಮ್ಮ ಓಣಿಯ ಗೋಡೆಗೆ ಅಂಟಿ ಕೂತವರೇ, ಕಟ್ಟೆಯ ಮೇಲಿನ ಆ ಕಣ್ಣುಗಳಿಗೆ ಅಂಜಿ. ಇದು ತಿಳಿದಾಗ ಕನಿಕರ ಬರಬೇಕಿತ್ತೇನೋ. ನನಗೆ ಸಿಟ್ಟೇ ಬಂತು.  ಎದ್ದೆ.

'ತಡೀ, ನಿಮ್ಮದೊಂದ ಡಬ್ಬಿ ಉಳದೈತಿ' ಎಂದು ಕಾಕು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಅದೇ ಸ್ಟೀಲ್ ಡಬ್ಬಿ, ಮುಚ್ಚಳದ ಮೇಲೆ ಅವ್ವನ ಹೆಸರು ಕೊರೆಸಿದ್ದು. ಅಲುಗಿಸಿದರೆ ಒಳಗೆ ಏನೋ ಸರಿದಾಡಿತು. 'ಖಾಲಿ ಕೊಡಬಾರದು' ಎಂದಷ್ಟೇ ಅಂದರು.

ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆಗೆ ಬಂದು ಅಪ್ಪನಿಗೆ ಎಲ್ಲಾ ಹೇಳಿದೆ, ಉಸಿರು ಬಿಡದೆ, ಕಾಕುವನ್ನು ಬೈಯುತ್ತ, ನನ್ನನ್ನು ನಾನೇ ಬೈದುಕೊಳ್ಳುತ್ತ. ಅಪ್ಪ ಡಬ್ಬಿ ತೆರೆದು ನೋಡಿದರು. ತಳದಲ್ಲಿ ಒಂದು ಹಿಡಿ ಸಕ್ಕರೆ. ಮೊದಲೇ ಗೊತ್ತಿತ್ತು ಎಂಬ ಮಾತಿಗೆ ಅವರು ಹುಬ್ಬು ಕೂಡ ಏರಿಸಲಿಲ್ಲ.

'ಪಾಯಸ ತಿಂದ್ಲಂತೇನು?'

'ಕೇಳಲಿಲ್ಲಪ್ಪಾ.'

'ಅದೊಂದ ಕೇಳಬೇಕಿತ್ತು ಸುಜಾ' ಅಂದರು ಅಪ್ಪ.  ಇಷ್ಟು ದಿನ ಆ ಒಂದೇ ಪ್ರಶ್ನೆ ಅವರೊಳಗೆ ಕೂತಿತ್ತು ಎಂದು ನನಗೆ ಆಗ ಗೊತ್ತಾಯಿತು.

ಸಕ್ಕರೆಯನ್ನು ನಮ್ಮ ಡಬ್ಬಕ್ಕೆ ಸುರಿದು, ಅವ್ವನ ಹೆಸರಿನ ಡಬ್ಬಿ ತೊಳೆದು ಬಿಸಿಲಿಗೆ ಇಟ್ಟಿದ್ದೇನೆ. ಹುಣ್ಣಿಮೆ ಹತ್ತಿರ ಬಂದಿದೆ. ಈ ಸಲ ಪಾಯಸ ನಾನೇ ಒಯ್ಯುತ್ತೇನೆ. ಭಜನೆಯವರು ಇರುವ ಹೊತ್ತಿಗೇ ಹೋಗುತ್ತೇನೆ. ಕಟ್ಟೆಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ, ಕಾಕು ಒಂದು ಚಮಚ ಬಾಯಿಗೆ ಇಡುವವರೆಗೂ ಕೂತೇ ಇರುತ್ತೇನೆ.